ಎಡಕ್ಕೆದ್ದ ಸರ್ಪ

ಹೊನ್ನವ್ವ ಎಡಗೈ ಎತ್ತಿ ಕುತ್ತಿಗೆಯ ಬಲಪಕ್ಕ ತುರಿಸಿಕೊಂಡಳು. ಪಕ್ಕದಲ್ಲಿ ಕುಳಿತಿದ್ದ ಅವಳ ಗಂಡ ಗುರಪ್ಪ ಅದನ್ನು ಕಂಡೂ ಕಾಣದವನಂತೆ ಬಸ್ಸಿನ ಕಿಟಕಿಯಾಚೆ ಮುಖ ತಿರುಗಿಸಿದ. ಬಲಪಕ್ಕ. ಹೆಂಗಸು ಬಲಪಕ್ಕ ಯಾಕೆ ತುರಿಸಿಕೊಳ್ಳಬೇಕು? ಅದು ಗಂಡಸಿನ ಪಕ್ಕವಲ್ಲವೇ? ಯಾವ ಗಂಡಸಿನದು? ಹೊರಗೆ ತೊಗರಿ ಹೂಬಿಟ್ಟು ಹಳದಿಯಾಗಿ ನಿಂತಿತ್ತು. ಸಿಂದಗಿ ಹಿಂದೆ ಬಿದ್ದಿತ್ತು. ಇನ್ನರ್ಧ ತಾಸಿಗೆ ದೇವರ ಹಿಪ್ಪರಗಿ. ಅಲ್ಲಿ ಇಳಿದು ಬಾಗೇವಾಡಿ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಗೊಳಸಂಗಿ, ಅವಳ ತವರು. ನಾಲ್ಕು ದಿನ ಇದ್ದು ಬಾ ಎಂದು ಅವಳಿಗೆ ಹೇಳಿದ್ದ. ನಾಲ್ಕು ದಿನ ಅನ್ನುವಾಗ ನಾಲಿಗೆ ತೊಡರಿತ್ತು. ಅವಳು "ಹೂಂರಿ" ಎಂದಷ್ಟೇ ಹೇಳಿ ಚೀಲ ತುಂಬಿಕೊಂಡಿದ್ದಳು. ಆ ಚೀಲ ಈಗ ಅವನ ಕಾಲ ಬಳಿ ಕುಳಿತಿತ್ತು, ನಾಲ್ಕು ದಿನಕ್ಕೆ ಹೆಚ್ಚಾಯಿತು ಅನ್ನುವಷ್ಟು ಹೊಟ್ಟೆ ಉಬ್ಬಿಸಿಕೊಂಡು. ಅದರ ಮೇಲೂ ಅವನಿಗೆ ಸಂಶಯ ಬಂತು.

ಗುರಪ್ಪ ದನದ ದಲ್ಲಾಳಿ. ಎತ್ತಿನ ಬಾಲ ನೋಡಿ ಅದರ ಮುತ್ತಜ್ಜ ಯಾರ ಹೊಲ ಮೇಯ್ದಿದ್ದ ಎಂದು ಹೇಳುವವನು. ಒಮ್ಮೆ ಕುಂಟು ಹೋರಿಯೊಂದನ್ನು ಇದು ಕುಂಟುವುದಲ್ಲ, ರಾಜರ ಕುದುರೆಯ ನಡಿಗೆ ಕಲಿಯುತ್ತಿದೆ ಎಂದು ಹೇಳಿ ಮಾರಿದ್ದನಂತೆ. ಕೊಂಡವನೂ ನಗುತ್ತಲೇ ಹಗ್ಗ ಹಿಡಿದುಕೊಂಡು ಹೋದನಂತೆ. ಸಂತೆಯಲ್ಲಿ ಬಾಯಿಮಾತೆಲ್ಲ ಬರೀ ತಮಾಷೆ. ನಿಜವಾದ ಮಾತು ಟವೆಲ್ಲಿನ ಕೆಳಗೆ. ಕೊಳ್ಳುವವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಮೇಲೊಂದು ಟವೆಲ್ ಹೊದಿಸಿ, ಬೆರಳು ಒತ್ತಿ ಬೆಲೆ ಕೇಳುವುದು, ಬೆರಳು ಬಿಟ್ಟು ಬೆಲೆ ಇಳಿಸುವುದು. ಸುತ್ತ ನಿಂತ ನೂರು ಕಣ್ಣಿಗೆ ಏನೂ ಕಾಣದು. ಇಪ್ಪತ್ತು ವರ್ಷ ಆ ಕತ್ತಲೆಯಲ್ಲಿ ಗುರಪ್ಪನ ಬೆರಳು ಬದುಕಿದ್ದವು. ಹೋದ ಮಳೆಗಾಲದಲ್ಲಿ ಮೊಣಕೈಯಿಂದ ಅಂಗೈ ಹಿಂಭಾಗದವರೆಗೆ ಕಡಲೆ ಕಾಳಿನಂತಹ ಗುಳ್ಳೆ ಎದ್ದವು. ತುರಿಸಿದಷ್ಟೂ ತುರಿಕೆ. ಸೊಳ್ಳೆ ಅಂದ, ಪಿತ್ತದ ಗಾದರಿ ಅಂದ, ಕಂಡವರ ಎತ್ತು ಹೊಗಳಿದ್ದಕ್ಕೆ ಹತ್ತಿದ ದೃಷ್ಟಿ ಅಂದ. ಒಂದು ಸಂತೆಯ ದಿನ ಮೋದಿನಸಾಬ, ಜೊತೆಯಲ್ಲೇ ದಲ್ಲಾಳಿಕೆ ಕಲಿತ ಗೆಳೆಯ, ಕೈ ಕೊಟ್ಟ. ಆದರೆ ಟವೆಲ್ಲಿನ ಕೆಳಗಲ್ಲ, ಮೇಲೆ. ಬಟ್ಟೆಯನ್ನು ನಡುವೆ ಇಟ್ಟುಕೊಂಡು ಬೆರಳು ಹಿಡಿದ.

"ಹಿಂಗ್ಯಾಕೋ ಸಾಬಾ? ಹೊಸಾ ಮದಲಗಿತ್ತಿ ಮಾಡೀಯಲ್ಲ ನನ್ನ."

"ಬೆವರು ಮಾರಾಯಾ, ನನ್ನ ಕೈ ಬೆವರ್ತೈತಿ," ಎಂದು ಮೋದಿನಸಾಬ ನಕ್ಕ. ಜಿಟಿಜಿಟಿ ಮಳೆ ಹಿಡಿದ ತಂಪು ದಿನ ಅದು. ಬಟ್ಟೆಯ ಮೇಲಿಂದ ಒತ್ತಿದ ಬೆರಳು ಎರಡೋ ಮೂರೋ ತಿಳಿಯಲಿಲ್ಲ. ಗುರಪ್ಪನ ಬಾಳಿನಲ್ಲಿ ಮೊದಲ ಸಲ ಒಂದು ವ್ಯಾಪಾರ ಕೈಯಲ್ಲೇ ಕುರುಡಾಯಿತು. ಇವನಿಗೆ ಯಾರು ಹೇಳಿದರು? ಏನು ಹೇಳಿದರು? ಹೇಳಲು ಆಗ ಏನೂ ಇರಲಿಲ್ಲವಲ್ಲ, ತನಗೇ ಗೊತ್ತಿರದದ್ದು ಇವನ ಕೈಗೆ ಹೇಗೆ ಗೊತ್ತಾಯಿತು?

ಸರ್ಪ ಎದ್ದದ್ದು ಆಮೇಲೆ. ದಸರೆ ಮುಗಿದಿತ್ತು. ಹೊಕ್ಕುಳಿಂದ ಬೆನ್ನೆಲುಬಿನ ಕಡೆಗೆ ಗುಳ್ಳೆಗಳ ಸಾಲು, ಬೆಂಕಿಯ ಹಗ್ಗದಿಂದ ಬಿಗಿದಂತೆ. ಸರ್ಪಹುಣ್ಣಿಗೆ ಸೂಜಿಮದ್ದು ನಡೆಯುವುದಿಲ್ಲ ಎಂಬುದು ಹುಟ್ಟಿದ ಕೂಸಿಗೂ ಗೊತ್ತು. ಕುಂಬಾರ ಚಂದಪ್ಪಜ್ಜ ಕೆಂಪು ಹುರಮಂಜು ಮಣ್ಣು ತೇದು, ಗುಳ್ಳೆಯ ಸುತ್ತ ಗೆರೆ ಎಳೆದು, ಒಂದು ತುದಿಗೆ ಹೆಡೆ, ಇನ್ನೊಂದಕ್ಕೆ ಬಾಲ ಬರೆದ. ಬರೆಯುತ್ತ ಬರೆಯುತ್ತ ಕೈ ನಿಲ್ಲಿಸಿದ.

"ಗುರಪ್ಪಾ, ಇದು ನಿಂದಲ್ಲ."

"ನನ್ನ ಮೈಮ್ಯಾಲ ಎದ್ದದ್ದು ನಂದಲ್ಲಂದ್ರ ಯಾರದೋ ಅಜ್ಜಾ? ಬಾಡಿಗಿಗೆ ಬಂದೈತೇನು?"

"ನಗಬ್ಯಾಡ. ಕಣ್ಣು ಹಾರಿದ್ರ ಗಂಡಸಿಗೆ ಬಲ ನೋಡ್ತಾರ, ಹೆಂಗಸಿಗೆ ಎಡ. ಹಲ್ಲಿ ಬಿದ್ರೂ ಹಂಗ. ಗಂಡಸಿನ ಸರ್ಪ ಬಲಕ್ಕ ಏಳಬೇಕು. ಇದು ಎಡಕ್ಕ ಎದ್ದೈತಿ. ಹೆಣ್ಣಿನ ಕಡಿಂದ ಹತ್ತೈತಿ. ಹೆಡಿ ಬಾಲ ಕೂಡದಂಗ ನೋಡ್ಕೋ. ಕೂಡಿದ್ರ ಮುಗೀತು."

ಹೆಡೆ ಬಾಲ ಕೂಡಲಿಲ್ಲ. ಹುಣ್ಣು ಒಣಗಿ ಕಪ್ಪು ಕಲೆ ಉಳಿಯಿತು. ಆದರೆ ಚಂದಪ್ಪಜ್ಜನ ಮಾತು ಒಣಗಲಿಲ್ಲ. ಮೈ ಸವೆಯಿತು, ಜ್ವರ ಬಂದು ಬಂದು ಹೋಯಿತು, ಕೊನೆಗೆ ಸಿಂದಗಿಯ ದವಾಖಾನೆಗೆ ಹೋದ. ಅಲ್ಲಿ ಗಂಡಸರಿಗೆ ಒಂದು ಬಾಗಿಲು, ಹೆಂಗಸರಿಗೆ ಒಂದು ಬಾಗಿಲು. ಡಾಕ್ಟರು ಒಬ್ಬರೇ, ಹೆಣ್ಣುಮಗಳು, ಶೈಲಶ್ರೀ ಬಾಯಾರು. ನಡುವಿನ ಪರದೆ ಸರಿಸಿ ಆಚೆ ಈಚೆ ಓಡಾಡುತ್ತಿದ್ದರು. ರಕ್ತದಲ್ಲಿ ಎಚ್ಐವಿ ಇದೆ ಎಂದು ಅವರೇ ಹೇಳಿದರು, ದನಿ ತಗ್ಗಿಸಿ, ಆದರೆ ಬಾಗಿಲಲ್ಲಿ ಸರದಿಗೆ ನಿಂತಿದ್ದ ಯಾರೋ ಒಬ್ಬ ಕೆಮ್ಮಿದ. ಯಾಕೆ ಕೆಮ್ಮಿದ? ಆಮೇಲೆ ಬಾಯಾರು ಹೆಂಡತಿಯ ಹೆಸರು ಕೇಳಿದರು. "ಹೊನ್ನವ್ವ, ಗೊಳಸಂಗಿಯಾಕಿ" ಎಂದ. ಬಾಯಾರು ಅವನ ಮುಖವನ್ನು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನೋಡಿದರು. ಅದೂ ಅವನ ಲೆಕ್ಕಕ್ಕೆ ಸೇರಿತು.

"ಆಕೀನ ಕರ್ಕೊಂಡು ವಿಜಾಪುರದ ದವಾಖಾನಿಗೆ ಹೋಗ್ರಿ. ಗುಳಿಗಿ ಅಲ್ಲೇ ಕೊಡ್ತಾರ. ಇಬ್ಬರೂ ಹೋಗ್ರಿ."

"ಆಕಿಗೇನೂ ಆಗಿಲ್ರಿ ಬಾಯಾರ. ಮೈ ಬೆಣ್ಣಿ ಇದ್ದಂಗೈತಿ. ಒಂದು ಗುಳ್ಳಿ ಇಲ್ಲ."

"ಗಂಡಸರಿಗೆ ಹೊರಗ ಕಾಣ್ತೈತಿ, ತುರಿಸ್ಕೋತ ಓಡಿ ಬರ್ತೀರಿ. ಹೆಂಗಸರದ್ದು ಎಷ್ಟೋ ಸಲ ಒಳಗಿರ್ತೈತಿ. ಬಾಯಾಗ ಇರ್ತೈತಿ, ಹೇಳಬಾರದ ಜಾಗದಾಗ ಇರ್ತೈತಿ. ಯಾರ ಮುಂದ ತೆರೀತಾರ ಹೇಳ್ರಿ? ನೀವರ ಯಾವತ್ತಾದ್ರೂ ಕೇಳೀರೇನು?"

"ಮತ್ತ... ಯಾರಿಂದ ಯಾರಿಗೆ ಬಂದೈತಿ ಅಂತ..."

"ಅದನ್ನ ಚರ್ಮ ಹೇಳೂದಿಲ್ಲ ಯಜಮಾನ್ರ. ಯಾರಿಗೆ ಮೊದಲು ಎದ್ದಿತು ಅಂತ ನೋಡಿ ಯಾರಿಗೆ ಮೊದಲು ಬಂತು ಅಂತ ಹೇಳಾಕ ಬರೂದಿಲ್ಲ."

ಹೇಳಲು ಬರುವುದಿಲ್ಲವೋ, ಹೇಳಲು ಮನಸ್ಸಿಲ್ಲವೋ? ಕಲಿತವರು ಹೆಂಗಸರ ಪಕ್ಷ. ಚಂದಪ್ಪಜ್ಜನಿಗೆ ಹೇಳಲು ಬಂದಿತ್ತಲ್ಲ! ಅಂದಿನಿಂದ ಗುರಪ್ಪನ ಕಣ್ಣು ಮನೆಯೊಳಗೇ ದಲ್ಲಾಳಿಕೆಗೆ ಕುಳಿತವು. ಹೊನ್ನವ್ವ ಊಟಕ್ಕೆ ರೊಟ್ಟಿಯನ್ನು ಹಾಲಲ್ಲಿ ನೆನೆಸುತ್ತಾಳೆ, ಹಲ್ಲಿಲ್ಲದ ಮುದುಕಿಯ ಹಾಗೆ. ಯಾಕೆ? ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಉಣ್ಣುವುದನ್ನು ಅವನು ಎಂದೂ ನೋಡಿರಲಿಲ್ಲ. ಅವನು ಉಂಡು ಎದ್ದ ಮೇಲೆ ಒಲೆಯ ಕಡೆ ಮುಖ ಮಾಡಿ ಉಣ್ಣುವುದು ಅವಳ ರೂಢಿ, ಅವಳ ಅತ್ತೆಯ ರೂಢಿ. ಈಗ ಕದ್ದು ನೋಡಿದ. ಒಂದು ದಿನ ಅವಳ ತುಟಿಯ ಮೂಲೆ ನೇರಳೆ ಬಣ್ಣವಾಗಿತ್ತು. ದೀಪಾವಳಿ ಕಳೆದ ಮೇಲೆ ನೇರಳೆ ಹಣ್ಣು ಯಾವ ದೇಶದಲ್ಲಿ ಬಿಡುತ್ತದೆ? ಯಾರು ತಂದುಕೊಟ್ಟರು? ಔಷಧದ ಅಂಗಡಿಯ ಪರಮಾನಂದನ ಕಟ್ಟೆಯಿಂದ ಅವಳು ಸೆರಗಿನ ತುದಿಗೆ ಏನೋ ಗಂಟು ಹಾಕಿಕೊಂಡು ಇಳಿಯುವುದನ್ನು ಕಂಡಿದ್ದ. ಪರಮಾನಂದನಿಗೆ ಸುರುಳಿ ಕೂದಲು, ಬೆಳ್ಳಗಿನ ಹಲ್ಲು. ಎಲ್ಲಕ್ಕೂ ಮಿಗಿಲಾಗಿ, ಶ್ರಾವಣದಲ್ಲಿ ಅಕ್ಕ ರೇವವ್ವನನ್ನು ನೋಡಿ ಬರುತ್ತೇನೆ ಎಂದು ಗೊಳಸಂಗಿಗೆ ಹೋದವಳು ಗೊಳಸಂಗಿಗೆ ಹೋಗಿಯೇ ಇರಲಿಲ್ಲ. ಸಂತೆಗೆ ಬಂದ ಆ ಊರಿನವನೊಬ್ಬ "ಹೊನ್ನವ್ವಕ್ಕ ಊರ ಕಡೆ ಬರದ ವರ್ಷಾತಲ್ಲೋ ಮಾವಾ" ಎಂದು ತಾನಾಗಿಯೇ ಹೇಳಿದ್ದ. ಗುರಪ್ಪ ಹೆಂಡತಿಯನ್ನು ಕೇಳಲಿಲ್ಲ. ಕೇಳಿದರೆ ಅವಳು ಏನಾದರೊಂದು ಹೇಳಿಬಿಡುತ್ತಾಳೆ, ಆಗ ಸಂಶಯ ಕೈಜಾರಿ ಹೋಗುತ್ತದೆ. ಅದನ್ನು ಕಳೆದುಕೊಂಡರೆ ಅವನ ಹತ್ತಿರ ಬೇರೇನಿತ್ತು?

ಇತ್ತು. ಬಸ್ಸು ಗುಂಡಿಗೆ ಬಿದ್ದು ಎದ್ದಾಗಲೆಲ್ಲ ಅದೂ ಎದ್ದು ಕೂರುತ್ತಿತ್ತು. ದೂರದ ಸಂತೆಯ ಊರು, ತಗಡಿನ ಬಾಗಿಲ ಖೋಲಿ, ಹೊರಗೆ ತೊಟ್ಟಿಕ್ಕುವ ನಳ, ಮಲ್ಲಿಗೆಯ ಬದಲು ಸೀಮೆಎಣ್ಣೆ ವಾಸನೆಯ ಒಬ್ಬ ಹೆಂಗಸು. ಒಮ್ಮೆಯಲ್ಲ. ಆದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ದಲ್ಲಾಳಿಗಳೆಲ್ಲ ಹೋಗುತ್ತಾರೆ, ಮೋದಿನಸಾಬನೂ ಬಾಗಿಲವರೆಗೆ ಬಂದಿದ್ದ. ಆ ಹೆಂಗಸು ಮಲಗಿದ್ದು ತನ್ನ ಬಲಕ್ಕೋ ಎಡಕ್ಕೋ? ಗೋಡೆ ಯಾವ ಕಡೆ ಇತ್ತು? ಕಣ್ಣು ಮುಚ್ಚಿ ಆ ಖೋಲಿಯನ್ನು ನೆನಪಿನಲ್ಲಿ ಹೊಕ್ಕು ಮಂಚದ ಸುತ್ತ ತಿರುಗಾಡಿದ. ಗೋಡೆ ಎಡಕ್ಕಿತ್ತು. ಹಾಗಿದ್ದರೆ ಹೆಂಗಸು ಬಲಕ್ಕೆ. ಅವಳಿಂದ ಬಂದಿದ್ದರೆ ಸರ್ಪ ಬಲಕ್ಕೆ ಏಳಬೇಕಿತ್ತು. ಎದ್ದದ್ದು ಎಡಕ್ಕೆ. ಮನೆಯಲ್ಲಿ ಹೊನ್ನವ್ವ ಮಲಗುವುದು ಎಡಕ್ಕೆ! ಗುರಪ್ಪನ ಎದೆ ಒಂದು ಗಳಿಗೆ ಹಗುರಾಯಿತು. ಮರುಗಳಿಗೆ ಗೋಡೆ ಸರಿದು ಬಲಕ್ಕೆ ಹೋಗಿ ನಿಂತಿತು, ನಳದ ಸದ್ದು ಎಡಗಿವಿಗೆ ಕೇಳತೊಡಗಿತು. ಎದುರು ಸೀಟಿನವನು ತಿರುಗಿ ನೋಡಿದ. ತಾನು ಗೊಣಗಿದೆನೇ?

ದೇವರ ಹಿಪ್ಪರಗಿಯಲ್ಲಿ ಇಳಿದಾಗ ಬಾಗೇವಾಡಿ ಬಸ್ಸು ಇನ್ನೂ ಬಂದಿರಲಿಲ್ಲ. ಗುರಪ್ಪ ಗಾಡಿಯ ಹತ್ತಿರ ಹೋಗಿ ಚುರಮುರಿ, ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಸ್ಟ್ಯಾಂಡಿನ ಹಿಂದಿನ ಗೋಡೆಯ ನೆರಳಲ್ಲಿ ಇಬ್ಬರೂ ಕುಳಿತರು. ಹೊನ್ನವ್ವ ಚುರಮುರಿಯನ್ನು ಒಂದೊಂದೇ ಕಾಳು ಬಾಯಿಗೆ ಇಟ್ಟುಕೊಂಡಳು.

"ಮಿರ್ಚಿ ತಿನ್ನು."

"ಒಲ್ಲೆರಿ."

"ಯಾಕ? ಲಗ್ನದಾಗ ಒಂದು ಬುಟ್ಟಿ ತಿಂದಾಕಿ ನೀ. ತಿನ್ನಂದೆ."

ಅವಳು ಅವನ ಮುಖ ನೋಡಿದಳು. ಮಿರ್ಚಿ ತೆಗೆದುಕೊಂಡು ಅರ್ಧ ಕಚ್ಚಿದಳು. ಕಣ್ಣಲ್ಲಿ ನೀರು ಚಿಮ್ಮಿತು. ಉಗುಳಲಿಲ್ಲ. ನುಂಗಲೂ ಇಲ್ಲ. ಸೆರಗು ಬಾಯಿಗೆ ಒತ್ತಿ ಹಾಗೇ ಕುಳಿತಳು. ಗುರಪ್ಪನಿಗೆ ಏನಾಯಿತೋ, ಸೆರಗು ಎಳೆದ. ಅವಳ ದವಡೆಗೆ ಹೆಬ್ಬೆರಳು ಹಾಕಿ, ಸಂತೆಯಲ್ಲಿ ಹೋರಿಯ ಹಲ್ಲು ನೋಡುವಂತೆ, ಮುಖವನ್ನು ಬಿಸಿಲಿಗೆ ತಿರುಗಿಸಿ ಬಾಯಿ ತೆರೆಸಿದ. ಸಾವಿರ ದನಗಳ ಬಾಯಿ ತೆರೆದ ಕೈ, ತಾನಾಗಿಯೇ ಹಾಗೆ ಮಾಡಿತು. ನಾಲಿಗೆಯ ಮೇಲೆ ಹೆಪ್ಪುಗಟ್ಟಿದ ಮೊಸರಿನಂತಹ ಬಿಳಿ ಪದರ. ಅಂಗುಳಿನವರೆಗೆ ಬಿಳಿ. ಅದರ ಮೇಲೆ ಅಲ್ಲಲ್ಲಿ ನೇರಳೆ ಬಣ್ಣದ ಔಷಧಿಯ ಕಲೆ. ನಡುವೆ ಕೆಂಪು ಹುಣ್ಣು. ಗುರಪ್ಪ ಕೈ ತೆಗೆದ. ಹೊನ್ನವ್ವ ಬಾಯಿಯಲ್ಲಿದ್ದುದನ್ನು ಉಗುಳಿ, ಬಾಯಿ ಒರೆಸಿಕೊಂಡಳು.

"ಹಲ್ಲು ಎಣಿಸಿದ್ರಿ? ಬೆಲಿ ಹೇಳ್ರಿ ಈಗ."

"ಯಾವಾಗಿಂದ?" ಗುರಪ್ಪನ ದನಿ ಅವನಿಗೇ ಪರಕೀಯವಾಗಿತ್ತು.

"ಜ್ವಾಳದ ಸುಗ್ಗಿಯಿಂದ. ಅದರಕಿಂತ ಮೊದಲು ಬಿಳಿಮುಟ್ಟು. ಕೂತ್ರ ನಿಂತ್ರ ಉರಿ. ಪರಮಾನಂದನ ಅಂಗಡ್ಯಾಗ ಕೇಳಿದ್ರ ಬಾಯಿಗಿ ಹಚ್ಚಾಕ ಆ ಬಣ್ಣದ ಔಷಧಿ ಕೊಟ್ಟ. ಉಳಿದದ್ದು ಅವನ ಮುಂದ ಹ್ಯಾಂಗ ಹೇಳ್ಲಿ, ಗಂಡಸು ಅವ."

ಜೋಳದ ಸುಗ್ಗಿ. ತನ್ನ ಕೈಗೆ ಗುಳ್ಳೆ ಎದ್ದದ್ದು ಮಳೆಗಾಲದಲ್ಲಿ. ಹಾಗಾದರೆ ಅವಳದು ಮೊದಲು! ಡಾಕ್ಟರ್ ಬಾಯಾರ ಮಾತು ಎಲ್ಲಿಯೋ ಹಾರಿಹೋಯಿತು. ಗುರಪ್ಪನ ಒಳಗೆ ಒಂದು ಸಂತೋಷ, ನಾಚಿಕೆಗೆಟ್ಟ ಸಂತೋಷ, ಕಟ್ಟಿದ ಕರುವಿನ ಹಗ್ಗ ಬಿಚ್ಚಿದಂತೆ ಕುಣಿಯಿತು. "ಹಂಗಾದ್ರ ಮೊದಲು ನಿನಗ," ಎಂದುಬಿಟ್ಟ. ಹೇಳಿದ ಮೇಲೆ ಅವಳು ಅಳುತ್ತಾಳೆ, ಆಣೆ ಹಾಕುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದು ಕಾದ.

"ಹೌದ್ರಿ," ಎಂದಳು ಹೊನ್ನವ್ವ. "ಮೊದಲು ನನಗ ಅಂತನ ನಾನೂ ತಿಳದೇನಿ. ದಿನಾ ಮುಂಜಾನಿ ನೀವು ಮಲಗಿದ್ದಾಗ ನಿಮ್ಮ ಬೆನ್ನು ನೋಡ್ತಿದ್ದೆ, ಹೊಟ್ಟಿ ನೋಡ್ತಿದ್ದೆ. ಏನೂ ಇಲ್ಲ. ಕನ್ನಡಿ ಹಂಗ ಮೈ. ಮತ್ತ ನನಗೆಲ್ಲಿಂದ ಬಂತು? ನಾ ಎಲ್ಲಿಗೆ ಹೋಗೇನಿ? ನನ್ನ ಮೈಯಾಗ ತಾನಾಗೇ ಹುಟ್ಟಿತೇನೋ, ನಾನ ಹೊಲಸೇನೋ ಅನಕೊಂಡೆ. ಆಮ್ಯಾಲ ನಿಮಗ ಗುಳ್ಳಿ ಎದ್ದುವು. ಸರ್ಪ ಎದ್ದಿತು. ನೀವು ಹೊರಗ ಚಂದಪ್ಪಜ್ಜನ ಮುಂದ ಅಯ್ಯೋ ಯಪ್ಪಾ ಅಂತ ಒದರಾಕತ್ತಿದ್ರಿ. ನಾ ಒಲಿ ಮುಂದ ಕುಂತು ನಕ್ಕೇನಿ. ಅಂತೂ ನಿಮ್ಮ ಮೈಯಾಗೂ ಐತಿ ಅಂತ ನಕ್ಕೇನಿ."

ಗುರಪ್ಪನಿಗೆ ಆ ದಿನ ನೆನಪಾಯಿತು. ಆ ದಿನ ಮನೆಯಲ್ಲಿ ಹಬ್ಬವಿರಲಿಲ್ಲ, ಆದರೂ ಅವಳು ಹೋಳಿಗೆ ಮಾಡಿದ್ದಳು. ತನ್ನ ನೋವು ಮರೆಸಲಿಕ್ಕೆ ಮಾಡಿದ್ದಾಳೆಂದು ಮೂರು ಹೋಳಿಗೆ ತುಪ್ಪ ಹಾಕಿಸಿಕೊಂಡು ತಿಂದಿದ್ದ.

"ಹೋಳಿಗಿ..." ಎಂದ.

"ಹೌದು. ಅದಕ್ಕ. ಗಂಡನ ಹುಣ್ಣು ನೋಡಿ ಹೋಳಿಗಿ ಮಾಡಿದ ಹೆಣ್ಣು ನಾ. ಏನರ ಅನ್ರಿ."

ಏನನ್ನುವುದು? ಒಬ್ಬರು ಇನ್ನೊಬ್ಬರ ಹುಣ್ಣಿಗೆ ಹಿಗ್ಗಿದ್ದರು; ತಾನು ಈಗ, ಅವಳು ಆಗ. ತಾನು ನಿದ್ದೆಯಲ್ಲಿದ್ದಾಗ ಅವಳ ಕಣ್ಣು ತನ್ನ ಮೈಮೇಲೆ ಹರಿದಾಡಿದ್ದನ್ನು ಎಣಿಸಿ ಗುರಪ್ಪ ಅಂಗಿಯ ಅಂಚನ್ನು ಕೆಳಗೆಳೆದುಕೊಂಡ. ದಿನವೂ ತನ್ನನ್ನು ಮಗುಚಿ ನೋಡಿ, ತೂಗಿ, ಬಿಟ್ಟು ಹೋಗಿದ್ದಾಳೆ. ತನಗೆ ಸುಳಿವೂ ಇರಲಿಲ್ಲ. ಇನ್ನೂ ಒಂದು ಬಾಕಿ ಇತ್ತು. ಅದನ್ನು ಅವನು ಕೊನೆಯ ಗೂಟದಂತೆ ಹಿಡಿದುಕೊಂಡ.

"ಶ್ರಾವಣದಾಗ ಗೊಳಸಂಗಿಗೆ ಹೋಗ್ತೇನಂತ ಹೇಳಿ ಎಲ್ಲಿಗೆ ಹೋಗಿದ್ದಿ?"

"ವಿಜಾಪುರಕ್ಕ. ಸಿಂದಗಿ ದವಾಖಾನ್ಯಾಗ ಶೈಲಶ್ರೀ ಬಾಯಾರು ರಕ್ತ ನೋಡಿ ಅಲ್ಲಿಗೆ ಹೋಗಂದ್ರು."

ಆ ಪರದೆ. ಆಚೆ ಹೆಂಗಸರ ಬಾಗಿಲು, ಈಚೆ ಗಂಡಸರದು. ಹೆಸರು ಕೇಳಿ ಬಾಯಾರು ಮುಖ ನೋಡಿದ್ದು ಅದಕ್ಕೆ. ಇವಳದನ್ನು ಬಾಯಾರು ತನಗೆ ಹೇಳಲಿಲ್ಲ. ತನ್ನದನ್ನೂ ಇವಳಿಗೆ ಹೇಳಿರಲಿಕ್ಕಿಲ್ಲ.

"ಯಾರ ಜೋಡಿ ಹೋಗಿದ್ದಿ?"

"ಒಬ್ಬಾಕಿನ. ಒಬ್ಬಾಕಿನ ಬಂದೀ ಅಂತ ಗುಳಿಗಿ ಚಾಲೂ ಮಾಡಲಿಲ್ಲ. ಒಮ್ಮಿ ಚಾಲೂ ಮಾಡಿದ್ರ ಬಿಡಾಂಗಿಲ್ಲಂತ, ನೋಡ್ಕೊಳ್ಳೂ ಮನಿಯವರು ಜೋಡಿ ಬರಬೇಕಂತ. ಯಾರನ್ನ ಕರ್ಕೊಂಡು ಹೋಗ್ಲಿ? ರೇವಕ್ಕಗ ಹೇಳಿದ್ರ ಗೊಳಸಂಗಿ ತುಂಬ ಆಗ್ತೈತಿ. ನಿಮಗ ಹೇಳಿದ್ರ ಎಲ್ಲಿ ಬಿಡ್ತೀರೋ ಅಂತ ಅಂಜಿದೆ. ಹೇಳದಿದ್ರೂ ಬಿಡಾಕ ಹೊಂಟೀರಲ್ಲ."

"ನಾಲ್ಕು ದಿನಕ್ಕ..."

"ಸುಳ್ಳು ಸಂತ್ಯಾಗ ಹೇಳ್ರಿ. ಚಲೋ ಹೇಳ್ತೀರಿ ಅಲ್ಲಿ."

ಬಾಗೇವಾಡಿ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಊರುಗಳ ಹೆಸರು ಕೂಗಿದ. ಗುರಪ್ಪ ಚೀಲ ಎತ್ತಿದ. ಭಾರವಾಗಿತ್ತು. ನಾಲ್ಕು ಹೆಜ್ಜೆ ನಡೆದ. ಹಿಂದೆ ಸದ್ದಿಲ್ಲ; ತಿರುಗಿ ನೋಡಿದರೆ ಹೊನ್ನವ್ವ ಗೋಡೆಗೆ ಒರಗಿ ಕುಳಿತೇ ಇದ್ದಳು.

"ಏಳು."

"ನಾ ಒಲ್ಲೆ. ತವರಾಗ ಹಿಂಗ ಸಾಯೂದಕಿಂತ ಇಲ್ಲೇ ಕುಂದರ್ತೇನಿ. ನೀವು ಹೋಗ್ರಿ. ಚೀಲ ಒಯ್ರಿ, ನಿಮ್ಮ ಎರಡು ಅಂಗಿ, ಒಂದು ಧೋತ್ರ ಅದರಾಗ ಅದಾವ. ಮನಸ್ಸು ತಿರುಗಿ ವಿಜಾಪುರಕ್ಕ ಬಂದ್ರ ಒಂದಿನ ನಿಂದ್ರಬೇಕಾಗ್ತೈತಿ ಅಂತ ಇಟ್ಟಿದ್ದೆ."

ಇದೂ ಒಂದು ಆಟವೇ? ತನ್ನನ್ನು ಕಟ್ಟಿಹಾಕಲು ಮುಂಚೆಯೇ ಹೂಡಿದ್ದೇ? ಇರಬಹುದು. ಇಪ್ಪತ್ತು ವರ್ಷದಲ್ಲಿ ಈ ಹೆಂಗಸು ಇಷ್ಟು ಮಾತನಾಡಿದ್ದೇ ಇಲ್ಲ, ಇಷ್ಟೆಲ್ಲ ಎಲ್ಲಿ ಬಚ್ಚಿಟ್ಟಿದ್ದಳು? ಇನ್ನೇನೇನು ಉಳಿದಿದೆ? ಗುರಪ್ಪ ಚೀಲ ಹಿಡಿದು ಬಸ್ಸಿಗೂ ಗೋಡೆಗೂ ನಡುವೆ ನಿಂತ. ಹತ್ತುವವರು ಅವನನ್ನು ತಳ್ಳಿಕೊಂಡು ಹತ್ತಿದರು. "ಏ ಯಜಮಾನಾ, ಬರ್ತೀಯೋ ಗೂಟ ಹೊಡಕೊಂಡು ನಿಂತೀಯೋ?" ಎಂದು ಕಂಡಕ್ಟರ್ ಕೂಗಿದ. ಗುರಪ್ಪ ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಿಸಿದ. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಹೋಯಿತು. ಅದು ಹೋದ ಮೇಲೆ ತಾನಿನ್ನೂ ನಿಂತಿರುವುದು ಅವನಿಗೆ ಗೊತ್ತಾಯಿತು. ನಿಲ್ಲಬೇಕೆಂದು ನಿಂತನೋ, ಕಾಲು ಬರಲಿಲ್ಲವೋ, ಅದನ್ನು ಅವನು ಆಮೇಲೂ ಬಗೆಹರಿಸಿಕೊಳ್ಳಲಿಲ್ಲ.

ವಿಜಾಪುರದ ಬಸ್ಸು ಬಂದಾಗ ಹೊನ್ನವ್ವ ತಾನೇ ಎದ್ದಳು. ಅವನ ಕಡೆ ನೋಡದೆ ಹತ್ತಿದಳು. ಗುರಪ್ಪ ಹಿಂದೆ ಹತ್ತಿದ. ಮೂವರ ಸೀಟಿನಲ್ಲಿ ಕಿಟಕಿಯ ಬಳಿ ಒಬ್ಬ ಮುದುಕಿ, ನಡುವೆ ಹೊನ್ನವ್ವ, ತುದಿಗೆ ಅವನು. ಕಂಡಕ್ಟರ್ ಬಂದ.

"ವಿಜಾಪುರ, ಎರಡು," ಎಂದ ಗುರಪ್ಪ.

"ಸ್ಟ್ಯಾಂಡಿಗೇನ್ರಿ?"

ನಂಟರ ಮದುವೆ, ಹೋರಿಯ ವ್ಯಾಪಾರ, ಕೋರ್ಟಿನ ಕೆಲಸ, ಮೂರು ಸುಳ್ಳು ಒಟ್ಟಿಗೆ ಅವನ ನಾಲಿಗೆಗೆ ನುಗ್ಗಿ ಬಂದವು. ಅಷ್ಟರಲ್ಲಿ ಹೊನ್ನವ್ವ, "ದೊಡ್ಡ ದವಾಖಾನಿ ಹತ್ತರ ಇಳಸ್ರಿ ಯಣ್ಣಾ," ಎಂದಳು, ಹಿಂದಿನ ಸೀಟಿಗೂ ಕೇಳುವ ಹಾಗೆ.

ಮುದುಕಿ ಬಗ್ಗಿ ಮೊದಲು ಹೊನ್ನವ್ವನನ್ನು ನೋಡಿದಳು, ಆಮೇಲೆ ಗುರಪ್ಪನನ್ನು, ಮತ್ತೆ ಹೊನ್ನವ್ವನನ್ನು. ಇಬ್ಬರಲ್ಲಿ ರೋಗ ಯಾರಿಗೆಂದು ಆಕೆ ತಿಳಿದಳೋ, ಅದನ್ನು ಆಕೆಯ ಮುಖದಲ್ಲಿ ಗುರಪ್ಪ ಹುಡುಕಿದ.

"ಯಾರಿಗಿ ಆರಾಮಿಲ್ಲೋ ಯಪ್ಪಾ?" ಎಂದು ಮುದುಕಿ ಕೇಳಿದಳು.

ಹೊನ್ನವ್ವ ಈ ಸಲ ಮಾತನ್ನು ಗಂಡನಿಗೆ ಬಿಟ್ಟಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಎದುರು ನೋಡುತ್ತ ಕುಳಿತಳು. ಬಸ್ಸು ಊರು ದಾಟಿ ವೇಗ ಹಿಡಿಯಿತು.

"ಇಬ್ಬರಿಗೂ ಐತಿ ಯವ್ವಾ," ಎಂದ ಗುರಪ್ಪ.

ಹೇಳಿ, ಮುಂದಿನ ಪ್ರಶ್ನೆಗೆ ಕಾದ. ಮೊದಲು ಯಾರಿಗೆ ಎಂದು ಆಕೆ ಕೇಳಿಯೇ ಕೇಳುತ್ತಾಳೆ, ಎಲ್ಲರೂ ಕೇಳುತ್ತಾರೆ. ಮುದುಕಿ ಕಿಟಕಿಯ ಗಾಜಿಗೆ ಕೈಹಚ್ಚಿ ತಳ್ಳಿ ನೋಡಿದಳು.

"ಈ ಗಾಜು ನನ್ನ ಕೈಲೆ ಸರೀವಲ್ದು," ಎಂದಳು. "ತುಸು ಸರಿಸಪ್ಪಾ. ಗಾಳಿ ಬರ್ಲಿ."